ಕೇಳೋರಿಲ್ಲದ ಕಚೇರಿಯೂ ಒಂದು ಕಚೇರಿಯೇ?

“ಅಲ್ಲಾ ಸ್ವಾಮಿ, ಕೇಳೋಕೆ ಒಂದು ನರಪಿಳ್ಳೆಯೂ ಇಲ್ಲ. ಯಾರಿಗೋಸ್ಕರ ಬಾರಿಸ್ತಿದಾರೆ ಇವರು?”

ಬಸ್ ಸ್ಟ್ಯಾಂಡ್ ಎದುರಿನ ದಿನಸಿ ಅಂಗಡಿ ಯಜಮಾನರ ಪ್ರಶ್ನೆ ಇದು. ಸಂಜೆ ಬಸ್ಸು ತಡ. ಅವರ ಅಂಗಡಿ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಹಳೇ ಚಿತ್ರವೊಂದನ್ನು ನೋಡುತ್ತಿದ್ದೆ. ಯಜಮಾನರು ಗಲ್ಲಾ ಬಿಟ್ಟು ಬಂದು ಇಣುಕಿದರು. ಪ್ರಶ್ನೆ ನ್ಯಾಯವಾದದ್ದೇ. ಗಿರಾಕಿಯಿಲ್ಲದ ಅಂಗಡಿ ಉಂಟೇ?

ಚಿತ್ರ ಇಂಗ್ಲೆಂಡಿನ ‘ಪಿಂಕ್ ಫ್ಲಾಯ್ಡ್’ ತಂಡದ್ದು. ಪ್ರೋಗ್ರೆಸಿವ್ ರಾಕ್ ಅಂತಾರಲ್ಲ, ಮೂರು ನಿಮಿಷದ ಹಾಡಿಗೆ ತೃಪ್ತಿಪಡದೆ ಇಪ್ಪತ್ತು ನಿಮಿಷವಾದರೂ ಬೆಳೆಸುತ್ತಾ ಹೋಗುವ ಸಂಗೀತ, ಆ ಪೈಕಿ ದೊಡ್ಡ ಹೆಸರು. ಜಾಗ ಇಟಲಿಯ ಪಾಂಪೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಬೆಟ್ಟ ಬೆಂಕಿ ಕಾರಿದಾಗ ಬೂದಿಯಡಿ ಹೂತುಹೋದ ಊರು. ಅಲ್ಲೂ ಬೀದಿ, ಅಂಗಡಿ, ಬಿಸಿ ಊಟ ಮಾರುವ ಖಾನಾವಳಿ ಎಲ್ಲ ಇದ್ದವು. ಜಗಳವೂ ಇತ್ತು ಅನ್ನಿ! ಕ್ರಿ.ಶ. 59ರಲ್ಲಿ ಅಲ್ಲಿನ ಕಲ್ಲಿನ ಅಖಾಡದಲ್ಲಿ ಕತ್ತಿಕಾಳಗ ನೋಡಲು ಬಂದ ನೆರೆಯೂರಿನವರಿಗೂ ಪಾಂಪೆಯವರಿಗೂ ಮಾತಿಗೆ ಮಾತು ಬೆಳೆದು, ಕಲ್ಲು ತೂರಿ, ಕತ್ತಿ ಹಿರಿದು, ಹೆಣಗಳೇ ಬಿದ್ದವು. ರೋಮಿನವರು ಹತ್ತು ವರ್ಷ ಅಲ್ಲಿ ಆಟವೇ ಬೇಡವೆಂದು ಆಜ್ಞೆ ಹೊರಡಿಸಿದರು.

1971ರ ಅಕ್ಟೋಬರಿನಲ್ಲಿ ಅದೇ ಅಖಾಡದಲ್ಲಿ ಕ್ಯಾಮೆರಾ ಇಟ್ಟರು ನಿರ್ದೇಶಕ ಏಡ್ರಿಯನ್ ಮೇಬನ್. ಆಗಿನ ಸಂಗೀತ ಚಿತ್ರಗಳಲ್ಲೆಲ್ಲ ಕುಣಿಯುವ ಜನರದ್ದೇ ಭರಾಟೆ. ಮೇಬನ್ ಅದಕ್ಕೆ ಉಲ್ಟಾ ಹೊಡೆದರು. ಜನರೇ ಬೇಡ, ಖಾಲಿ ಕಲ್ಲು ಸಾಕು! ಕರೆಂಟು ಸಾಲದೆ ಊರೊಳಗಿಂದ ಉದ್ದನೆಯ ಕೇಬಲ್ ಎಳೆದು ತಂದದ್ದೂ ಆಯಿತು. ಆದರೂ ಕೆಲವು ಹಾಡುಗಳನ್ನು ಚಿತ್ರೀಕರಿಸಿದ್ದು ಆಮೇಲೆ, ಪ್ಯಾರಿಸ್ಸಿನ ಸ್ಟುಡಿಯೋದಲ್ಲಿ.

ಈಗ ಎರಡನೇ ಕಥೆ. ಅವತ್ತು ಗಿಟಾರ್ ಹಿಡಿದಿದ್ದ ಡೇವಿಡ್ ಗಿಲ್ಮೋರ್‌ಗೆ ಆಗ 25 ವರ್ಷ. 2016ರ ಜುಲೈ 7 ಮತ್ತು 8ರಂದು, 70ರ ವಯಸ್ಸಿನಲ್ಲಿ, ತಲೆಗೂದಲೆಲ್ಲ ನೆರೆತ ಮೇಲೆ, ಅದೇ ಅಖಾಡಕ್ಕೆ ಮತ್ತೆ ಬಂದರು. ಈ ಸಲ ಜನ ಇದ್ದರು. ಎರಡು ಸಾವಿರಕ್ಕೂ ಮೇಲ್ಪಟ್ಟು ಮಂದಿ, ಹಿಂದೆ ಕತ್ತಿಯವರು ಕಾದಾಡಿದ ನೆಲದ ಮೇಲೇ ನಿಂತು ಕೇಳಿದರು. ಅದನ್ನೂ ಚಿತ್ರ ಮಾಡಿ 2017ರಲ್ಲಿ ಬಿಡುಗಡೆ ಮಾಡಿದರು.

ಮಾರನೇ ಸಂಜೆ ಯಜಮಾನರಿಗೆ ಇದನ್ನೂ ತೋರಿಸಿದೆ. ಲೇಸರ್ ದೀಪ, ಹೊಗೆ, ಬೆಂಕಿ ಎಲ್ಲ ನೋಡಿ ಅವರು ಕೇಳಿದ್ದು ಒಂದೇ ಮಾತು: “ಅವತ್ತು ಕೀಬೋರ್ಡ್ ನುಡಿಸ್ತಿದ್ರಲ್ಲ, ಅವರೆಲ್ಲಿ?”

ಅವರು ರಿಕ್ ರೈಟ್. 2008ರಲ್ಲಿ ತೀರಿಕೊಂಡರು. ಆ ಗೆಳೆಯನ ನೆನಪಿಗೇ ಕಟ್ಟಿದ ಹಾಡೊಂದನ್ನು ಗಿಲ್ಮೋರ್ 2016ರಲ್ಲಿ ಅಲ್ಲಿ ಹಾಡಿದರು. ಹೇಳಿದೆ. ಯಜಮಾನರು “ಅಯ್ಯೋ ಪಾಪ” ಅಂದವರು ಗಿರಾಕಿ ಕೂಗುವವರೆಗೂ ಮೊಬೈಲಿನಿಂದ ಕಣ್ಣು ತೆಗೆಯಲಿಲ್ಲ.

ಹಳೇ ಅಭಿಮಾನಿಗಳು 1971ರದ್ದೇ ಅಪ್ಪಟ, ಎರಡನೆಯದು ಬರೀ ಥಳುಕು ಅಂತಾರೆ. ನಾನು ಒಪ್ಪುವುದಿಲ್ಲ. ಖಾಲಿ ಕಲ್ಲಿನ ಚೆಂದ ಚೆಂದವೇ. ಆದರೆ ಸಂಗೀತ ಕೊನೆಗೆ ಸೇರಬೇಕಾದ್ದು ಇನ್ನೊಬ್ಬರ ಕಿವಿಗೆ. ಅಗಲಿದ ಗೆಳೆಯನನ್ನು ಕಲ್ಲಿನ ಮುಂದೆ ನೆನೆಯುವುದಕ್ಕೂ ಜನರ ಮುಂದೆ ನೆನೆಯುವುದಕ್ಕೂ ವ್ಯತ್ಯಾಸವಿಲ್ಲವೇ?

ಹಾಗಂತ ಮೊದಲನೆಯದು ವ್ಯರ್ಥ ಅಂತಲ್ಲ. ಅವತ್ತು ರೀಲು ಓಡಿದ್ದರಿಂದಲೇ ರೈಟ್ ಇವತ್ತಿಗೂ ಅಲ್ಲಿ ಕೂತು ನುಡಿಸುತ್ತಿದ್ದಾರೆ. ಮೂಲ 35 ಎಂ.ಎಂ. ನೆಗೆಟಿವ್ ಉಳಿದಿದ್ದರಿಂದಲೇ 2025ರಲ್ಲಿ ಅದನ್ನು ಹೊಸದಾಗಿ ತೊಳೆದು ಮತ್ತೆ ತೆರೆಗೆ ತರಲು ಸಾಧ್ಯವಾಯಿತು. ಡಬ್ಬ ಕಾಯ್ದಿಟ್ಟವರಿಗೂ ಒಂದು ನಮಸ್ಕಾರ ಸಲ್ಲಬೇಕು.

ಇನ್ನು ನಾವು ನೀವು. ಪಾಂಪೆಗೆ ಹೋಗಿ ಟಿಕೆಟ್ ಕೊಳ್ಳೋ ಯೋಗ ಎಷ್ಟು ಜನರಿಗಿದೆ? ಕ್ಯಾಮೆರಾ ನಮಗಾಗಿ ಇಟ್ಟ ಕುರ್ಚಿ. ಆ ಲೆಕ್ಕದಲ್ಲಿ 1971ರ ಅಖಾಡವೂ ಖಾಲಿಯಿರಲಿಲ್ಲ. ನಾವು ಹೋಗಿ ಕೂರೋದು ಕೊಂಚ ತಡವಾಯಿತು, ಅಷ್ಟೇ.

ಯಜಮಾನರೇ, ನಿಮ್ಮ ಪ್ರಶ್ನೆಗೆ ಉತ್ತರ ಇದು: ಅವರು ಬಾರಿಸುತ್ತಿದ್ದದ್ದು ನಿಮಗೋಸ್ಕರವೇ.