ಮನೆಯೂ ಬೇಕು, ಓಣಿಯೂ ಬೇಕು

ಕರೆಂಟಿನ ಖರ್ಚು ಕಡಿಮೆ, ಬೇಸಿಗೆಯಲ್ಲಿ ತಂಪು, ನೆರೆಹೊರೆಯವರೆಲ್ಲ ಒಂದೇ ಮನೆಯವರ ಹಾಗೆ ಎಂದು ಹೇಳಿ ದೊಡ್ಡ ಶಹರಗಳಲ್ಲಿ ಈಗ ಹೊಸ ಮಾದರಿಯ ಮನೆಗಳನ್ನು ಮಾರುತ್ತಿದ್ದಾರೆ. ಬೆಂಗಳೂರಿನ ವೈಟ್‌ಫೀಲ್ಡ್ ಕಡೆ ಟಿ-ಜೆಡ್ ಎಂಬ ಬಡಾವಣೆ ಇದೇ ಉದ್ದೇಶದಿಂದ ಎದ್ದಿತು. ಮಣ್ಣಿನ ಇಟ್ಟಿಗೆ, ಮಳೆನೀರಿನ ಸಂಗ್ರಹ ಮುಂತಾದ ಏರ್ಪಾಡುಗಳು ಅಲ್ಲಿವೆ. ಒಳ್ಳೆಯದೇ. ಒಳ್ಳೆಯ ಕೆಲಸವನ್ನು ಹಣವಂತರು ಮಾಡಿದರೆಂಬ ಕಾರಣಕ್ಕೆ ಹಳಿಯುವುದು ನಮ್ಮ ಪದ್ಧತಿಯಲ್ಲ. ಆದರೆ ಅಂಥ ಒಂದು ಮನೆಯ ಬೆಲೆಗೆ ನಮ್ಮ ಬೇಳೆ ಮಿಲ್ಲಿನ ಹಮಾಲನೊಬ್ಬನ ಜೀವಮಾನದ ಕೂಲಿಯೆಲ್ಲ ಸುರಿದರೂ ಸಾಲದು. ತಂಪಾದ ಮನೆ ಉಳ್ಳವರ ಸೊತ್ತೋ ದುಡಿಯುವವರ ಹಕ್ಕೋ ಎಂಬ ಪ್ರಶ್ನೆಯನ್ನು ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಬಿಸಿಲಿನಲ್ಲಿ ನಿಂತು ಕೇಳಬೇಕಾಗಿದೆ.

ಈ ತಾಲೂಕುಗಳಲ್ಲಿ ಮೇ ತಿಂಗಳಿನಲ್ಲಿ 42-43 ಡಿಗ್ರಿ ಬಿಸಿಲು ಬಿದ್ದರೆ ಅದು ಸುದ್ದಿಯೇ ಅಲ್ಲ. ಫ್ಯಾನೂ ಕೂಲರೂ ಇಲ್ಲದ ಕಾಲದಲ್ಲಿ ನಮ್ಮ ಹಿರಿಯರು ಇಲ್ಲಿ ಹೇಗೆ ಬಾಳಿದರು? ಎರಡು ಮೂರು ಅಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ, ಜಂತಿಯ ಮೇಲೆ ಮಣ್ಣು ಹೊದಿಸಿದ ಮಾಳಿಗೆ, ಕಾಲಿಗೆ ತಣ್ಣಗೆ ಹತ್ತುವ ಶಹಾಬಾದ ಫರಸಿ, ಮೇಲೊಂದು ಬೆಳಕಿಂಡಿ. ಶಾಲೆಯ ಹುಡುಗರಿಗೆ ಹೇಳುವಂತೆ ಹೇಳುವುದಾದರೆ, ತೆಳು ತಗಡು ಒಲೆಗಿಟ್ಟ ಕ್ಷಣಕ್ಕೇ ಕಾಯುತ್ತದೆ, ದಪ್ಪ ಮಣ್ಣಿನ ಹಂಚು ಕಾಯಲು ಹೊತ್ತು ಬೇಕು. ದಪ್ಪ ಗೋಡೆಯ ಮೇಲೆ ಮಧ್ಯಾಹ್ನ ಬಿದ್ದ ಕಾವು ಒಳಮೈ ಮುಟ್ಟುವಷ್ಟರಲ್ಲಿ ರಾತ್ರಿಯಾಗಿ, ಜನ ಮಾಳಿಗೆಯ ಮೇಲೋ ಅಂಗಳದಲ್ಲೋ ಹಾಸಿಗೆ ಹಾಸಿರುತ್ತಾರೆ. ನಾಲ್ಕೈದು ಅಂಗುಲದ ಸಿಮೆಂಟಿನ ಸ್ಲ್ಯಾಬಾದರೋ ಸಂಜೆಯ ಹೊತ್ತಿಗೇ ಕಾವನ್ನು ಒಳಗೆ ಇಳಿಸಿ, ಮಲಗುವವನ ಮೈಮೇಲೆ ನಡುರಾತ್ರಿಯವರೆಗೂ ಸುರಿಯುತ್ತಿರುತ್ತದೆ. ಪತ್ರಾಸದ ಮಾತಂತೂ ಬೇಡವೇ ಬೇಡ.

ಓಣಿಯ ಗುಟ್ಟು ಇದಕ್ಕೆ ಕೂಡಿಕೊಂಡಿದೆ. ಗೋಡೆಗೆ ಗೋಡೆ ಹತ್ತಿದ ಮನೆಗೆ ಬಿಸಿಲಿಗೆ ಮೈಯೊಡ್ಡುವ ಗೋಡೆಗಳು ನಾಲ್ಕಲ್ಲ, ಎರಡೇ. ಓಣಿ ಇಕ್ಕಟ್ಟಾದ್ದರಿಂದ ಈ ಬದಿಯ ಮನೆಯ ನೆರಳು ಆ ಬದಿಯ ಕಟ್ಟೆಯ ಮೇಲೆ ಬೀಳುತ್ತದೆ. ಹಗಲು ಹೆಂಗಸರು ಶೇಂಗಾ ಒಡೆಯುವುದೂ ಮುದುಕರು ಕೂತು ಮಾತಾಡುವುದೂ ಆ ನೆರಳಿನಲ್ಲಿಯೇ. ಮಿಲ್ಲಿನ ರಾತ್ರಿ ಪಾಳಿಗೆ ಹೋದವನ ಕೂಸನ್ನು ಎತ್ತಿಕೊಳ್ಳುವ ಕೈಗಳು ಅಲ್ಲಿಯೇ ಇರುತ್ತವೆ. ಹಾಗೆಂದು ಹಳೆಯ ಓಣಿಯನ್ನು ನಾವು ಪೂಜೆಗೆ ಇಡುವವರಲ್ಲ. ಅತ್ಯಂತ ತಂಪಾದ ವಾಡೆಗಳು ಗೌಡರವೂ ದೇಸಾಯರವೂ ಆಗಿದ್ದವು. ಆ ಗೋಡೆಗಳಿಗೆ ಕಲ್ಲು ಹೊತ್ತವರು ಊರ ಹೊರಗಿನ ಕೇರಿಯಲ್ಲಿ ಗುಡಿಸಲ ಕೆಳಗೆ ಬೆಂದರು. ಜಾತಿಗೊಂದು ಓಣಿ ಎಂಬ ಕಟ್ಟನ್ನು ಹೊಸ ಬಡಾವಣೆಗೆ ಹೊತ್ತು ತರಬೇಕೆಂದು ಯಾರಾದರೂ ಹೇಳಿದರೆ ಮೊದಲು ವಿರೋಧಿಸುವವರು ನಾವೇ.

ಕಲ್ಲಿನ ಮನೆ ಎಂದೊಡನೆ ಆಳಂದ ಕಡೆಯ ಹಿರಿಯರಿಗೆ ಕಿಲ್ಲಾರಿ ನೆನಪಾಗುತ್ತದೆ. ಅದು ನ್ಯಾಯವಾದ ಹೆದರಿಕೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಇಲ್ಲಿಂದ ನೇರ ಅಳತೆಗೆ ಐವತ್ತು ಅರವತ್ತು ಕಿಲೋಮೀಟರು ದೂರದಲ್ಲಿ ನೆಲ ನಡುಗಿ, ಏಳು ಸಾವಿರಕ್ಕೂ ಮಿಕ್ಕಿ ಜನ ಮಲಗಿದಲ್ಲೇ ಮಣ್ಣುಪಾಲಾದರು. ಆದರೆ ಅಲ್ಲಿ ಕೊಂದದ್ದು ಕಲ್ಲಲ್ಲ, ಕಟ್ಟಿದ ರೀತಿ. ಗೋಡೆಯ ಒಳಮುಖ, ಹೊರಮುಖ ಬೇರೆ ಬೇರೆ, ನಡುವೆ ಬರಿಯ ಕಲ್ಲುಚೂರು ಮತ್ತು ಮಣ್ಣು, ಎರಡು ಮುಖಗಳನ್ನು ಹಿಡಿದಿಡುವ ಅಡ್ಡಗಲ್ಲಿಲ್ಲ. ವರ್ಷ ವರ್ಷವೂ ಸೋರಿಕೆಗೆಂದು ಮಣ್ಣು ಹೇರಿ ಹೇರಿ ಮಾಳಿಗೆಯ ಭಾರ ಏರಿತ್ತು. ಗೋಡೆಯಲ್ಲಿ ಅಲ್ಲಲ್ಲಿ ಉದ್ದನೆಯ ಅಡ್ಡಗಲ್ಲು ಇಟ್ಟು, ಬಾಗಿಲ ಮೇಲ್ಮಟ್ಟದಲ್ಲಿ ಮನೆಯ ಸುತ್ತ ಕಬ್ಬಿಣದ ಸರಳಿನ ಕಾಂಕ್ರೀಟ್ ಪಟ್ಟಿ ಕಟ್ಟಿ, ಮಾಳಿಗೆಯ ಭಾರ ಇಳಿಸಿದರೆ ಕಲ್ಲಿನ ಮನೆಯೂ ಭೂಕಂಪವನ್ನು ತಡೆಯುವಂತೆ ಕಟ್ಟಬಹುದು. ಇಂಜಿನಿಯರರು ಇದನ್ನು ಬಹಳ ಹಿಂದೆಯೇ ಹೇಳಿದ್ದಾರೆ. ಆದರೆ ಗೌಂಡಿಗಳಿಗೆ ಕಲಿಸುವ ಕೆಲಸ ಬೇಕಾದಷ್ಟು ನಡೆಯಲಿಲ್ಲ. ಕಲ್ಲು ಬೇಡ, ಬ್ಲಾಕು-ಸ್ಲ್ಯಾಬೇ ಕ್ಷೇಮ ಎಂಬ ನಂಬಿಕೆ ಮಾತ್ರ ಮನೆಮನೆಗೂ ಹೋಯಿತು.

ಕಿಲ್ಲಾರಿಯ ನಂತರ ಮಹಾರಾಷ್ಟ್ರ ಸರಕಾರ 52 ಊರುಗಳನ್ನು ಬೇರೆ ಜಾಗಕ್ಕೆ ಎತ್ತಿ ಕಟ್ಟಿತು. ಮನೆಗಳು ಗಟ್ಟಿಯಾದವು ನಿಜ. ಆದರೆ ಶಹರದ ನಕಾಶೆಯಂತೆ ಅಗಲವಾದ ಚೌಕಚೌಕ ರಸ್ತೆ ಎಳೆದು ಮನೆಗಳನ್ನು ದೂರ ದೂರ ಚೆಲ್ಲಿದ್ದರಿಂದ ನೆರಳೂ ಹೋಯಿತು, ನೆರೆಯೂ ಹೋಯಿತು ಎಂದು ಅಲ್ಲಿಯ ಜನ ದೂರಿದರು. ನಮ್ಮಲ್ಲಿ ಅದೇ ಪಾಠ ಇನ್ನೊಂದು ಸಲ ನಡೆಯಿತು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ನೆರೆಯ ನಂತರ ಉತ್ತರ ಕರ್ನಾಟಕದ ನದಿದಂಡೆಯ ಜನರಿಗೆ ‘ಆಸರೆ’ ಯೋಜನೆಯಲ್ಲಿ ಮನೆ ಕಟ್ಟಿಸಲಾಯಿತು. ದಾನಿಗಳ ಹಣ, ಸರಕಾರದ ಜಾಗ. ಎಷ್ಟೋ ಕಡೆ ಆ ಮನೆಗಳು ಖಾಲಿ ಉಳಿದು ಜಾಲಿ ಬೆಳೆಯಿತು. ಎತ್ತು ಕಟ್ಟುವ ಜಾಗವಿಲ್ಲ, ಮೇವಿನ ಬಣವೆಗೆ ಜಾಗವಿಲ್ಲ, ಹೊಲ ದೂರ, ಪಕ್ಕದಲ್ಲಿ ಯಾರಿರುತ್ತಾರೋ ಗೊತ್ತಿಲ್ಲ, ಮೇಲೆ ಸುಡುವ ಛಾವಣಿ. 2020ರ ಅಕ್ಟೋಬರಿನಲ್ಲಿ ಭೀಮೆ ಮತ್ತೆ ಉಕ್ಕಿ ಅಫಜಲಪುರ, ಜೇವರ್ಗಿ ದಂಡೆಯ ಊರುಗಳಿಗೆ ನುಗ್ಗಿದಾಗ, ಹಳೆಯ ಮನೆ ಬಿಡದೆ ಉಳಿದ ಜನರನ್ನು ಮೊಂಡರೆಂದು ಬೈದವರಿದ್ದರು. ಮೊಂಡುತನವಲ್ಲ ಅದು. ನೀರು ವರ್ಷಗಳಿಗೊಮ್ಮೆ ಬರುತ್ತದೆ, ಬಿಸಿಲು ವರ್ಷವರ್ಷವೂ ಬರುತ್ತದೆ ಎಂಬ ಲೆಕ್ಕ.

ಇಂದು ಹಳ್ಳಿಯ ಬಡವನಿಗೆ ದೊರೆಯುವ ಪ್ರಧಾನಮಂತ್ರಿ ಆವಾಸ್ ಯೋಜನೆಯ ಮನೆಗೆ ಕನಿಷ್ಠ ಅಳತೆ 25 ಚದರ ಮೀಟರು. 2016ರಲ್ಲಿ ಯೋಜನೆ ಆರಂಭವಾದಾಗ ಬಯಲು ನಾಡಿಗೆ ಗೊತ್ತುಮಾಡಿದ ಸಹಾಯಧನ 1,20,000 ರೂಪಾಯಿ. ಸಿಮೆಂಟು, ಸರಳು, ಉಸುಕು ಕೊಂಡವರಿಗೆ ಈ ಹಣ ಎಲ್ಲಿಯವರೆಗೆ ಬರುತ್ತದೆಂದು ನಾವು ಹೇಳಬೇಕಾಗಿಲ್ಲ. ಸಾಲ ಮಾಡಿ ಉಳಿದದ್ದನ್ನು ಮುಗಿಸುತ್ತಾರೆ, ಇಲ್ಲವೆ ಮೇಲೆ ಪತ್ರಾಸ ಹಾಕಿ ಒಳಗೆ ಹೋಗುತ್ತಾರೆ. ಹಣ ಹೆಚ್ಚಲಿ ಎಂಬುದು ಸರಿ. ಇದ್ದ ಹಣದಲ್ಲೇ ಎರಡು ಮನೆಗಳ ನಡುವೆ ಒಂದೇ ಗೋಡೆ ಕಟ್ಟಿದರೆ ಖರ್ಚು ಉಳಿಯುತ್ತದಲ್ಲ, ಅದನ್ನು ಏಕೆ ಯಾರೂ ಮುಂದಿಡುವುದಿಲ್ಲ?

ಕರೆಂಟಿನ ಲೆಕ್ಕ ನೋಡೋಣ. 75 ವ್ಯಾಟಿನ ಹಳೆಯ ಫ್ಯಾನು ದಿನಕ್ಕೆ 14 ತಾಸು ತಿರುಗಿದರೆ ತಿಂಗಳಿಗೆ 31 ಯೂನಿಟ್ಟು. 200 ವ್ಯಾಟಿನ ಕೂಲರು 12 ತಾಸು ನಡೆದರೆ 72 ಯೂನಿಟ್ಟು. 2023ರಲ್ಲಿ ಬಂದ ಗೃಹಜ್ಯೋತಿಯಿಂದ ಬಡವರ ಮನೆಗೆ ಉಪಕಾರವಾಗಿದೆ, ಅಲ್ಲವೆನ್ನುವುದು ಕೃತಘ್ನತೆ. ಆದರೆ ಅದರ ಪುಕ್ಕಟೆ ಎಲ್ಲರಿಗೂ 200 ಯೂನಿಟ್ಟಲ್ಲ. ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಮನೆಮನೆಗೂ ಒಂದು ಮಿತಿ ಗೊತ್ತುಮಾಡಿದೆ. ಹಿಂದೆ ಕೂಲರಿಲ್ಲದೆ ಬೆಂದವನಿಗೆ ಮಿತಿಯೂ ಚಿಕ್ಕದು! ಕಿರಾಣಿ ಅಂಗಡಿ, ಹೊಲಿಗೆ ಅಂಗಡಿ, ಸೈಕಲ್ ರಿಪೇರಿಯವನಿಗೆ ಈ ಯೋಜನೆಯೇ ಇಲ್ಲ. ಪತ್ರಾಸದ ಅಂಗಡಿಯಲ್ಲಿ ಹಗಲೆಲ್ಲ ಕೂತು ಅವನು ಜೆಸ್ಕಾಂಗೆ ವ್ಯಾಪಾರದ ದರವನ್ನೇ ಕಟ್ಟುತ್ತಾನೆ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಆರಂಭಿಸಿದ ಸೂರ್ಯಘರ್ ಯೋಜನೆಯಲ್ಲಿ ಮನೆಯ ಮೇಲೆ ಸೌರ ಫಲಕ ಹಾಕಿಸಿದವರಿಗೆ 78,000 ರೂಪಾಯಿಯವರೆಗೆ ಸಹಾಯಧನವಿದೆ. ಮೊದಲು ಸ್ವಂತದ ಛಾವಣಿ ಬೇಕು. ಬಾಡಿಗೆಯ ಒಂದೇ ಕೋಣೆಯಲ್ಲಿ ಆರು ಜನ ಇರುವ ಕಾರ್ಮಿಕನ ಕೈಗೆ ಅದು ಎಟುಕುವುದಿಲ್ಲ. ಮನೆಯೇ ತಂಪಾಗಿದ್ದರೆ ಅರ್ಧ ಕರೆಂಟು ಬೇಕಾಗುವುದೇ ಇಲ್ಲ ಎಂಬ ಮೂಲ ಮಾತನ್ನು ಈ ಯೋಜನೆಗಳಾವುವೂ ಮುಟ್ಟುವುದಿಲ್ಲ.

ಆಗದ ಕೆಲಸವೆಂದು ಹೇಳುವವರು ವಿಯೆನ್ನಾ ನಗರದ ಕಥೆ ಕೇಳಲಿ. ಮೊದಲ ಮಹಾಯುದ್ಧದ ನಂತರ ಅಲ್ಲಿಯ ಸಮಾಜವಾದಿ ನಗರಸಭೆ 1923ರಲ್ಲಿ ವಸತಿ ತೆರಿಗೆ ಹಾಕಿತು. ದೊಡ್ಡ ಬಂಗಲೆಗೆ ದೊಡ್ಡ ತೆರಿಗೆ, ಕೂಲಿಕಾರನ ಕೋಣೆಗೆ ಹೆಸರಿಗೆ ಮಾತ್ರ. 1934ರೊಳಗೆ 60,000ಕ್ಕೂ ಹೆಚ್ಚು ಮನೆಗಳು ಎದ್ದವು. 1930ರಲ್ಲಿ ತೆರೆದ ಕಾರ್ಲ್ ಮಾರ್ಕ್ಸ್ ಹಾಫ್ ಒಂದರಲ್ಲಿಯೇ ಸುಮಾರು 1,400 ಮನೆ, ನಡುವೆ ವಿಶಾಲ ಅಂಗಳ, ಎಲ್ಲರಿಗೂ ಕೂಡಿ ಬಟ್ಟೆ ಒಗೆಯುವ ಮನೆ, ಮಕ್ಕಳ ಶಾಲೆ, ಪುಸ್ತಕಾಲಯ. ಅಷ್ಟು ದೂರ ಏಕೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರ ಹಳ್ಳಿಗಳಿಗೆಂದೇ ಹುಟ್ಟಿದ್ದು. ಮಣ್ಣಿಗೆ ಸ್ವಲ್ಪ ಸಿಮೆಂಟು ಕಲಸಿ ಕೈಯಂತ್ರದಲ್ಲಿ ಒತ್ತಿ, ಸುಡದೆ ಗಟ್ಟಿ ಇಟ್ಟಿಗೆ ಮಾಡುವ ವಿಧಾನವನ್ನು ಅವರ ಬಳಗ ಬೆಳೆಸಿತು. ಹಳ್ಳಿಗೆಂದು ಬೆಳೆಸಿದ ಆ ಇಟ್ಟಿಗೆ ಶಹರದ ದೊಡ್ಡ ಮನೆಗಳಲ್ಲಿ ಕಾಣುತ್ತದೆ, ನಮ್ಮ ಆವಾಸ್ ಮನೆಗಳಲ್ಲಿ ಕಾಣುವುದು ಅಪರೂಪ. ನೆರೆಯ ತೆಲಂಗಾಣ 2023ರಲ್ಲಿ ತಂಪು ಛಾವಣಿಯ ನೀತಿಯನ್ನೇ ಹೊರಡಿಸಿ, ಸರಕಾರಿ ಕಟ್ಟಡಗಳಿಗೂ ಸರಕಾರ ಕಟ್ಟಿಕೊಡುವ ಬಡವರ ಮನೆಗಳಿಗೂ ಅದನ್ನು ಕಡ್ಡಾಯ ಮಾಡಿತು. ಆ ರಾಜ್ಯದ ಗಡಿ ನಮ್ಮ ಜಿಲ್ಲೆಗೆ ಹತ್ತಿಕೊಂಡೇ ಇದೆ. ಎರಡು ಕಡೆಯ ಬಿಸಿಲೂ ಒಂದೇ.

ಹಳೆಯ ಸ್ಲ್ಯಾಬಿನ ಮನೆಯಲ್ಲಿ ಇರುವವರು ಇಷ್ಟು ಮಾಡಬಹುದು. ಯುಗಾದಿಗೆ ಗೋಡೆಗೆ ಸುಣ್ಣ ಬಳಿಯುವಾಗ ಛಾವಣಿಯ ಮೇಲೂ ಎರಡು ಸಲ ದಪ್ಪಗೆ ಬಳಿಯಲಿ. ಬೆಳ್ಳನೆಯ ಮೈ ಬಿಸಿಲನ್ನು ತಿರುಗಿಸುತ್ತದೆ, ಒಳಗೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಓಣಿಯವರೆಲ್ಲ ಕೂಡಿ ಸುಣ್ಣ ತರಿಸಿದರೆ ಅಗ್ಗವಾದೀತು. ಆದರೆ ಸುಣ್ಣದಿಂದ ಸರಕಾರದ ಹೊಣೆ ಅಳಿಯುವುದಿಲ್ಲ. ಹೊಸ ಮನೆಗಳನ್ನು ಒಂಟೊಂಟಿಯಾಗಿ ಎಸೆಯದೆ, ಗೋಡೆ ಕೂಡಿದ ಸಾಲುಗಳಾಗಿ ಕಟ್ಟಿಸಬೇಕು. ನಡುವೆ ಬೇವಿನ ಮರವಿರುವ ಅಂಗಳ ಬಿಡಬೇಕು. ಶಹಾಬಾದಿನ ಕಲ್ಲು ನಮ್ಮ ಜಿಲ್ಲೆಯದೇ ಇರುವಾಗ ಅದನ್ನು ಭೂಕಂಪ ತಡೆಯುವ ರೀತಿಯಲ್ಲಿ ಕಟ್ಟಲು ಗೌಂಡಿಗಳಿಗೆ ಕೂಲಿ ಕೊಟ್ಟು ತರಬೇತಿ ನಡೆಸಬೇಕು. ಬಾಡಿಗೆಯ ಪತ್ರಾಸದ ಕೋಣೆಗಳ ಮಾಲಿಕರಿಗೆ ತಂಪು ಛಾವಣಿಯ ಕಟ್ಟಳೆ ಹಾಕಬೇಕು, ಅದರ ನೆಪದಲ್ಲಿ ಬಾಡಿಗೆ ಏರಿಸದಂತೆ ತಡೆಯಬೇಕು.

ಮೂರೂ ತಾಲೂಕುಗಳ ಗ್ರಾಮಸಭೆಗಳಲ್ಲಿ ಫಲಾನುಭವಿಗಳ ಪಟ್ಟಿ ಓದುವಾಗ ನಮ್ಮ ಹೆಸರು ಬಂತೇ ಎಂದು ಕೇಳಿ ಎದ್ದು ಹೋಗುವುದು ವಾಡಿಕೆಯಾಗಿದೆ. ಈ ಸಲ ಹೆಸರು ಬಂದವರೂ ಬರದವರೂ ಕೂತೇ ಇದ್ದು, ಆ ಮನೆ ಎಲ್ಲಿ, ಯಾರ ಪಕ್ಕದಲ್ಲಿ, ಮೇಲೆ ಏನು ಹೊದಿಸುತ್ತಾರೆ ಎಂದು ಕೇಳಬೇಕು. ಪಿ.ಡಿ.ಒ. ಕೊಟ್ಟ ಉತ್ತರವನ್ನು ಠರಾವು ಪುಸ್ತಕದಲ್ಲಿ ಬರೆಯಿಸಿ, ಅದರ ನಕಲು ತೆಗೆದುಕೊಂಡೇ ಹೊರಗೆ ಬರಬೇಕು.