ಪ್ಲಾಸ್ಟರ್ ಬಿಚ್ಚಿದ ಮೇಲೆ

ಮಗುವಿನ ಕಾಲಿನ ಶಸ್ತ್ರಚಿಕಿತ್ಸೆಗೆ ನೆರವು ಬೇಕೆಂಬ ಕೋರಿಕೆ ಬಂದಾಗ ಹೊರನಾಡ ಕನ್ನಡಿಗರಾದ ನಾವು ಹೆಚ್ಚು ಯೋಚಿಸುವುದಿಲ್ಲ. ಆಸ್ಪತ್ರೆಯ ಅಂದಾಜು ಪಟ್ಟಿ ಎದುರಿಗಿರುತ್ತದೆ, ಮೊತ್ತವೂ ದಿನಾಂಕವೂ ನಿಗದಿಯಾಗಿರುತ್ತವೆ. ಸಂಘದ ವಾಟ್ಸಾಪ್ ಬಳಗದಲ್ಲಿ ನೋಡನೋಡುತ್ತ ಹಣ ಸೇರುತ್ತದೆ. ಈ ಔದಾರ್ಯವನ್ನು ಹಗುರವಾಗಿ ಕಾಣುವ ಉದ್ದೇಶ ನಮಗಿಲ್ಲ. ಆದರೆ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ವಿಷಯದಲ್ಲಿ ಅದು ನಿಲ್ಲಬಾರದ ಕಡೆ ನಿಂತುಬಿಡುತ್ತದೆ. ಶಸ್ತ್ರಕ್ಕೆ ಹಣ ಕೊಟ್ಟು, ಅದರ ನಂತರದ ವರ್ಷವನ್ನು ತಾಯಿಯ ಹೆಗಲಿಗೆ ಬಿಡುತ್ತೇವೆ.

ಹೈದರಾಬಾದಿನ ಉತ್ತರದಂಚಿನ ಜೀಡಿಮೆಟ್ಲಾವನ್ನೇ ನೋಡೋಣ. ಔಷಧ, ರಾಸಾಯನಿಕಗಳ ಕಾರ್ಖಾನೆಗಳ ಪ್ರದೇಶ. ಸುತ್ತ ಶಾಪೂರ್ ನಗರ, ಚಿಂತಲ್‌ಗಳಲ್ಲಿ ದುಡಿಯುವವರ ಬಾಡಿಗೆ ಕೋಣೆಗಳು. ಬೀದರ, ಕಲಬುರಗಿ ಸೀಮೆಯವರಿಗೆ ಈ ನಗರ ಎಂದೂ ಪರಸ್ಥಳವಾಗಿರಲಿಲ್ಲ. 1956ರವರೆಗೆ ಒಂದೇ ರಾಜ್ಯದಲ್ಲಿದ್ದವರು ನಾವು. ಬೀದರದಿಂದ ಬೆಂಗಳೂರು 700 ಕಿಲೋಮೀಟರಿನಷ್ಟು ದೂರ, ಹೈದರಾಬಾದು 150ರ ಆಸುಪಾಸು. ದೊಡ್ಡಾಸ್ಪತ್ರೆ ಎಂದರೆ ಆ ಕಡೆಯವರಿಗೆ ಇಂದಿಗೂ ಹೈದರಾಬಾದೇ. ಇಂದಿನ ನಿಮ್ಸ್ ಕೂಡ ಹುಟ್ಟಿದ್ದು ನಿಜಾಮರ ಹೆಸರಿನ ಮೂಳೆ ಆಸ್ಪತ್ರೆಯಾಗಿ.

ಅಲ್ಲಿಗೆ ಬರುವ ಅವ್ವಂದಿರು ಕೇಳುವುದು ಒಂದೇ ಪ್ರಶ್ನೆ: ‘ನನ್ನ ಕೂಸು ನಡೀತದೇನ್ರಿ?’ ನಮ್ಮ ಹಿರಿಯರಿಗೆ ಕಾಲಿನ ಊನವೆಂದರೆ ಪೋಲಿಯೋ. ಎರಡೂ ಬೇರೆ. ಪೋಲಿಯೋದಲ್ಲಿ ನರ ಸತ್ತು ಸ್ನಾಯು ಸಡಿಲವಾಗುತ್ತದೆ. ಇಲ್ಲಿ, ಹುಟ್ಟುವ ಮುನ್ನವೋ ಹೆರಿಗೆಯಲ್ಲೋ ಎಳವೆಯಲ್ಲೋ ಮಿದುಳಿಗೆ ಆದ ಪೆಟ್ಟಿನಿಂದ ಬಹುಪಾಲು ಮಕ್ಕಳ ಸ್ನಾಯುಗಳು ಸದಾ ಬಿಗಿದಿರುತ್ತವೆ. ಎಲುಬು ಬೆಳೆಯುತ್ತದೆ, ಬಿಗಿದ ಸ್ನಾಯು ಅದಕ್ಕೆ ಸರಿಯಾಗಿ ಬೆಳೆಯುವುದಿಲ್ಲ. ಮಗು ತುದಿಗಾಲಲ್ಲಿ ನಡೆಯುತ್ತದೆ, ತೊಡೆಗಳು ಕತ್ತರಿಯಂತೆ ಹೆಣೆದುಕೊಳ್ಳುತ್ತವೆ, ಕೆಲವರಿಗೆ ಸೊಂಟದ ಕೀಲೇ ಜಾರುತ್ತದೆ. ವೈದ್ಯರು ಸ್ನಾಯುರಜ್ಜುವನ್ನು ಉದ್ದ ಮಾಡಬಲ್ಲರು, ತಿರುಚಿದ ಎಲುಬನ್ನು ಕತ್ತರಿಸಿ ನೇರವಾಗಿ ಕೂಡಿಸಬಲ್ಲರು. ಮಿದುಳಿಗಾದ ಪೆಟ್ಟು ಇದ್ದಲ್ಲಿಯೇ ಇರುತ್ತದೆ. 1997ರಲ್ಲಿ ಕೆನಡಾದ ತಜ್ಞರು ಈ ಮಕ್ಕಳ ಚಲನೆಯನ್ನು ಐದು ದರ್ಜೆಗಳಲ್ಲಿ ಗುರುತಿಸಿದರು. ಐದನೆಯ ದರ್ಜೆಯ ಮಗುವನ್ನು ಯಾವ ಶಸ್ತ್ರಚಿಕಿತ್ಸೆಯೂ ಎರಡಕ್ಕೆ ತರಲಾರದು. ನೋವಿಲ್ಲದೆ ಕೂರುವಂತೆ ಮಾಡಬಹುದು, ಅದೂ ದೊಡ್ಡದೇ. ಇದನ್ನು ಮೊದಲೇ ಬಿಡಿಸಿ ಹೇಳದೆ ಹಣ ಕೂಡಿಸುವುದು ನಮ್ಮ ದೃಷ್ಟಿಯಲ್ಲಿ ಒಂದು ಬಗೆಯ ಕ್ರೌರ್ಯ.

ಹಿಂದೆ ಈ ವರ್ಷ ಹಿಮ್ಮಡಿ, ಮುಂದಿನ ವರ್ಷ ಮಂಡಿ, ಆಮೇಲೆ ತೊಡೆ ಎಂದು ಬಿಡಿಬಿಡಿಯಾಗಿ ಕೊಯ್ಯುತ್ತಿದ್ದರು. ಮಗುವಿನ ಪ್ರತಿ ಹುಟ್ಟುಹಬ್ಬವೂ ಆಸ್ಪತ್ರೆಯಲ್ಲೇ ಕಳೆಯುವ ಈ ಪದ್ಧತಿಯನ್ನು ಟೊರಾಂಟೊದ ಮೂಳೆತಜ್ಞ ಮರ್ಸರ್ ರಾಂಗ್ ‘ಹುಟ್ಟುಹಬ್ಬದ ರೋಗ’ ಎಂದು ಹಂಗಿಸಿದರು. ಈಗಿನ ಒಲವು, ನಡಿಗೆಯನ್ನು ಚೆನ್ನಾಗಿ ಪರೀಕ್ಷಿಸಿ, ಬೇಕಾದುದೆಲ್ಲವನ್ನೂ ಒಂದೇ ಬಾರಿ ಮಾಡಿ ಮುಗಿಸುವುದರತ್ತ. ಒಳ್ಳೆಯದೇ. ಆದರೆ ಒಮ್ಮೆಗೇ ಅಷ್ಟೆಲ್ಲ ಆದ ಮೇಲೆ ಚೇತರಿಕೆಯೂ ಅಷ್ಟೇ ದೀರ್ಘ. ವಾರಗಟ್ಟಲೆ ಪ್ಲಾಸ್ಟರ್. ಅದು ಬಿಚ್ಚಿದಾಗ ಕಾಲುಗಳು ಸೊರಗಿರುತ್ತವೆ. ಮೊದಲ ಕೆಲವು ತಿಂಗಳು ಮಗು ಹಿಂದಿಗಿಂತಲೂ ಕಡಿಮೆ ನಡೆಯುತ್ತದೆ. ಫಲ ಪೂರ್ತಿ ಕಾಣಲು ಒಂದೆರಡು ವರ್ಷ ಬೇಕು. ಅಷ್ಟು ಕಾಲ ಫಿಸಿಯೋಥೆರಪಿ ನಡೆಯಬೇಕು, ಬೆಳೆದಂತೆಲ್ಲ ಕಾಲಿನ ಪಟ್ಟಿಯನ್ನು ಹೊಸ ಅಳತೆಗೆ ಮಾಡಿಸಬೇಕು. ಹಿಮ್ಮಡಿಯ ರಜ್ಜು ಅತಿಯಾಗಿ ಸಡಿಲಾದರೆ ಮಂಡಿ ಬಾಗಿಸಿ ಕುಕ್ಕರಿಸಿದಂತೆ ನಡೆಯುವ ಮಕ್ಕಳಿದ್ದಾರೆ. ಆ ನಡಿಗೆ ಮೊದಲಿನದಕ್ಕಿಂತ ಕೆಟ್ಟದ್ದು. ಮರುತಪಾಸಣೆ ತಪ್ಪಿಸಿದವರಲ್ಲಿ ಅದು ಯಾರ ಗಮನಕ್ಕೂ ಬಾರದೆ ಬಲಿಯುತ್ತದೆ.

ಈ ವರ್ಷದ ಖರ್ಚು ಯಾವ ಅಂದಾಜು ಪಟ್ಟಿಯಲ್ಲಿಯೂ ಇರುವುದಿಲ್ಲ. ವಾರಕ್ಕೆ ಮೂರು ದಿನ ಮಗುವನ್ನು ಎತ್ತಿಕೊಂಡು ಹೋಗುವವಳಿಗೆ ಮೂರು ದಿನದ ಕೂಲಿ ಇಲ್ಲ. ಪ್ಲಾಸ್ಟರ್ ಹಾಕಿದ ಎಂಟು ವರ್ಷದ ಹುಡುಗನನ್ನು ವಠಾರದ ಕೊನೆಯ ಪಾಯಖಾನೆಗೆ ಹೊತ್ತೊಯ್ಯುವವರು ಯಾರು? ತೆಲಂಗಾಣದ ಆರೋಗ್ಯಶ್ರೀ ಯೋಜನೆ ಆ ರಾಜ್ಯದ ಬಡವರಿಗಾಗಿ ಇರುವಂಥದ್ದು; ಬೀದರದ ಪಡಿತರ ಚೀಟಿಗೆ ಅಲ್ಲಿ ಬೆಲೆಯಿಲ್ಲ.

ಭಾಷೆಯ ತೊಡಕನ್ನು ನಾವು ಉತ್ಪ್ರೇಕ್ಷಿಸಲಾರೆವು. ಬೀದರದವರು ದಖನಿ, ತೆಲುಗು, ಮರಾಠಿಗಳಲ್ಲಿ ನಮಗಿಂತ ಸಲೀಸಾಗಿ ವ್ಯವಹರಿಸುತ್ತಾರೆ. ಆದರೆ ಮನೆಗೆ ಕಳಿಸುವಾಗ ಕೈಗಿಡುವ ಕಾಗದ ಬಹುತೇಕ ಇಂಗ್ಲಿಷಿನದು. ಯಾವ ವ್ಯಾಯಾಮ, ಎಷ್ಟು ಸಲ, ಪಟ್ಟಿ ರಾತ್ರಿಯೂ ಬೇಕೇ, ಎಂಥ ನೋವಿಗೆ ಓಡಿಬರಬೇಕು ಎಂಬುದೆಲ್ಲ ಅದರಲ್ಲಿ ಮಡಚಿ ಕೂತಿರುತ್ತದೆ. ಸಾಹಿತ್ಯ ಬಳಗಗಳು ಕಥೆ ಕವಿತೆಗಳ ಅನುವಾದಕ್ಕೆ ಕಮ್ಮಟ ನಡೆಸುತ್ತವೆ. ಒಬ್ಬ ಫಿಸಿಯೋಥೆರಪಿಸ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಂಥ ಒಂದು ಪುಟವನ್ನು ಕಲಬುರಗಿಯ ಕನ್ನಡಕ್ಕೆ ತರುವುದು ಒಂದು ಭಾನುವಾರದ ಕೆಲಸ.

ಹಣದ ವಿಷಯದಲ್ಲಿ ನಮ್ಮ ಸಲಹೆ ಇಷ್ಟು. ಮಗುವಿಗೆ ಕೂಡಿಸಿದ ಮೊತ್ತದಲ್ಲಿ ಅರ್ಧವನ್ನು ಸಂಘ ತನ್ನಲ್ಲೇ ಇಟ್ಟುಕೊಂಡು, ಪ್ಲಾಸ್ಟರ್ ಬಿಚ್ಚಿದ ತಿಂಗಳಿನಿಂದ ಕಂತುಕಂತಾಗಿ ಆಟೋ ಬಾಡಿಗೆಗೆ, ಕಾಲಿನ ಪಟ್ಟಿಗೆ, ತಾಯಿಯ ಕಳೆದ ಕೂಲಿಗೆ ಕೊಡಲಿ. ಆಸ್ಪತ್ರೆಯ ಪಟ್ಟಿಗೆ ಅರ್ಧ ಸಾಲದಿದ್ದರೆ ಇನ್ನೊಂದು ತಿಂಗಳು ಕೂಡಿಸೋಣ. ಜಾರುತ್ತಿರುವ ಸೊಂಟದ ಕೀಲನ್ನು ಬಿಟ್ಟರೆ ಈ ಶಸ್ತ್ರಚಿಕಿತ್ಸೆಗಳು ಸಾಮಾನ್ಯವಾಗಿ ಅಷ್ಟು ಕಾಯಬಲ್ಲವು. ಜೊತೆಗೆ ಅಂಗವೈಕಲ್ಯದ ಪ್ರಮಾಣಪತ್ರ ಮಾಡಿಸಿ ಮಗುವನ್ನು ‘ನಿರಾಮಯ’ ವಿಮೆಗೆ ಸೇರಿಸಲು ಯಾರಾದರೂ ಜೊತೆಗೆ ಹೋಗಬೇಕು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಆಸರೆಯಲ್ಲಿ ನಡೆಯುವ ಆ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಒದಗುತ್ತದೆ, ಚಿಕಿತ್ಸೆಯ ನಂತರದ ಥೆರಪಿಗೂ ಅದರಲ್ಲಿ ಪಾಲಿದೆ, ಮಗು ಯಾವ ರಾಜ್ಯದ್ದೆಂದು ಅದು ಕೇಳುವುದಿಲ್ಲ.