ಕಣ್ಣೀರು ಕಂಡರೆ ಮಾತ್ರ ಚಿಕಿತ್ಸೆಯೇ?

ಕ್ಯಾನ್ಸರ್ ಪೀಡಿತ ಕಂದನ ಕೂದಲುದುರಿದ ಚಿತ್ರ ಮೊಬೈಲಿಗೆ ಬಂದೊಡನೆ ನಮ್ಮ ಮನ ಕರಗುತ್ತದೆ, ಕೈ ಜೇಬಿಗೆ ಹೋಗುತ್ತದೆ. ಅದು ಮಾನವೀಯತೆಯೇ ಸರಿ. ಆದರೆ ಕೈಚಾಚಲು ಸಂಕೋಚಪಡುವ ತಂದೆಯ, ಮನವಿ ಬರೆಯಲರಿಯದ ತಾಯಿಯ ಮಗುವಿಗೆ ಬದುಕುವ ಹಕ್ಕಿಲ್ಲವೇ?

ಅಮೆರಿಕದಲ್ಲಿ ಲೆಬನಾನ್ ವಲಸಿಗರ ಮಗ, ನಟ ಡ್ಯಾನಿ ಥಾಮಸ್ ಬೇರೊಂದು ದಾರಿ ಹಿಡಿದರು. 1957ರಲ್ಲಿ ಅರಬ್ ಮೂಲದ ಅಮೆರಿಕನ್ನರನ್ನು ಒಗ್ಗೂಡಿಸಿ ನಿಧಿಸಂಗ್ರಹ ಸಂಸ್ಥೆ ಕಟ್ಟಿದರು. 1962ರಲ್ಲಿ ಮೆಂಫಿಸ್‌ನಲ್ಲಿ ಸೇಂಟ್ ಜೂಡ್ ಮಕ್ಕಳ ಆಸ್ಪತ್ರೆ ತೆರೆಯಿತು. ಅಲ್ಲಿ ಚಿಕಿತ್ಸೆ, ಪ್ರಯಾಣ, ವಸತಿ, ಊಟ ಯಾವುದಕ್ಕೂ ಕುಟುಂಬದ ಕೈಗೆ ಬಿಲ್ಲು ಬರುವುದಿಲ್ಲ. ನಿಧಿ ಯಾವೊಂದು ಮಗುವಿನ ಹೆಸರಲ್ಲೂ ಇಲ್ಲ. ದಾಖಲಾಗುವ ಎಲ್ಲ ಮಕ್ಕಳದ್ದು.

ಮಕ್ಕಳ ತೀವ್ರ ರಕ್ತಕ್ಯಾನ್ಸರಿನ ಚಿಕಿತ್ಸೆ ಸಾಮಾನ್ಯವಾಗಿ ಎರಡು-ಮೂರು ವರ್ಷ ನಡೆಯುತ್ತದೆ. ನಮ್ಮ ಕನಿಕರದ ಆಯುಷ್ಯವೋ ಒಂದು ವಾರ. ಹಣ ಮುಗಿದು ಮನೆಯವರು ಅರ್ಧಕ್ಕೇ ಊರಿಗೆ ಮರಳಿದರೆ ಕೊಟ್ಟದ್ದೂ ವ್ಯರ್ಥ, ಮಗುವೂ ಉಳಿಯದು. ಆದ್ದರಿಂದ ಪ್ರತಿ ಪಟ್ಟಣದಲ್ಲೂ ಜಾತಿಮತ ಭೇದವೆಣಿಸದ, ವರ್ಷವರ್ಷ ಲೆಕ್ಕ ಮುಂದಿಡುವ ಶಾಶ್ವತ ನಿಧಿಯೊಂದು ಬೇಕು. ಒಂದು ದಿನದ ಮದುವೆ ಮಂಟಪಕ್ಕೆ ಲಕ್ಷ ಸುರಿಯುವ ನಮಗೆ ತಿಂಗಳಿಗೆ ನೂರು ರೂಪಾಯಿ ಭಾರವೇ? ಬದುಕಬೇಕಾದರೆ ಮೊದಲು ಬೇಡು ಎಂದು ಮಗುವಿಗೆ ಹೇಳುವ ಸಮಾಜ ತನ್ನ ದಾನಶೀಲತೆಯ ಬಗ್ಗೆ ಹೆಮ್ಮೆಪಡುವಂತಿಲ್ಲ.